ಬಾನೆಟ್ಟಿನ ಕಂಬಳಿ

ಮಲೆನಾಡಿನ ಮಳೆಗಾಲದಲ್ಲಿ ಜೋತುಬೀಳದ ವಸ್ತು ಅಪರೂಪ. ಕರೆಂಟು ತಂತಿ ಕಾಫಿ ಗಿಡದ ನೆತ್ತಿ ಮುಟ್ಟುವಷ್ಟು ಇಳಿಯುತ್ತದೆ, ಬಚ್ಚಲ ಬಾಗಿಲು ಒಂದು ಕಡೆಗೆ ವಾಲುತ್ತದೆ, ಒಲೆಯ ಮೇಲಿನ ಹಗ್ಗಕ್ಕೆ ಆರಿದ್ರಾ ಮಳೆಯಲ್ಲಿ ಹಾಕಿದ ಪ್ಯಾಂಟು ಪುಷ್ಯ ಬಂದರೂ ಅಲ್ಲೇ ನೇತಾಡುತ್ತಿರುತ್ತದೆ. ಇವನ್ನೆಲ್ಲ ನಾವು ಕಂಡೂ ಕಾಣದ ಹಾಗೆ ಇರುತ್ತೇವೆ. ಆದರೆ ಕಾರಿನ ಬಾನೆಟ್ ಎತ್ತಿದಾಗ ಒಳಗಿನ ಕಪ್ಪು ಹೊದಿಕೆ ಜೋತುಬಿದ್ದದ್ದು ಕಂಡರೆ ಮೂಡಿಗೆರೆಯಿಂದ ಕಳಸದವರೆಗೆ ಒಬ್ಬನಿಗೂ ತಡೆದುಕೊಳ್ಳಲು ಆಗುವುದಿಲ್ಲ.

ನಮ್ಮ ಮೆಕ್ಯಾನಿಕ್ ಅದನ್ನು ‘ಕಂಬಳಿ’ ಎನ್ನುತ್ತಾನೆ. ಗಾಜಿನ ನವಿರು ಎಳೆಯನ್ನೋ ಬಟ್ಟೆಯ ನಾರನ್ನೋ ಅಂಟು ಹಾಕಿ ಒತ್ತಿ, ಮೇಲೆ ಕಪ್ಪು ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಕ್ಲಿಪ್ಪುಗಳಿಂದ ಬಾನೆಟ್ಟಿಗೆ ಸಿಕ್ಕಿಸಿರುತ್ತಾರೆ. ಎಂಜಿನ್ನಿನ ಸದ್ದು ಹೀರುವುದು, ಅದರ ಕಾವು ಬಾನೆಟ್ಟಿನ ಪೇಂಟಿಗೆ ತಾಗದಂತೆ ತಡೆಯುವುದು ಅದರ ಕೆಲಸ. ಇದನ್ನು ರೂಪಿಸಿದ ಎಂಜಿನಿಯರು ಜಾಣನೇ; ಚಾರ್ಮಾಡಿ ಘಾಟಿ ಹತ್ತಿದವನಲ್ಲ, ಅಷ್ಟೇ. ಉಜಿರೆ ಕಡೆಯಿಂದ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಬಂದ ಗಾಡಿಯನ್ನು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಲ್ಲಿಸುತ್ತೇವೆ. ಎಂಜಿನ್ ಆರಿಸಿದೊಡನೆ ಒಳಗೆ ಗಾಳಿಯಾಡುವುದು ನಿಂತು, ಬಾನೆಟ್ಟಿನಡಿಯ ಕಾವು ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ನಾವು ದೋಸೆ ತಿನ್ನುವಷ್ಟು ಹೊತ್ತೂ ಕಂಬಳಿಯ ಅಂಟು ಬೇಯುತ್ತದೆ, ಕ್ಲಿಪ್ಪುಗಳು ಸೆಟೆದುಕೊಳ್ಳುತ್ತವೆ. ರಾತ್ರಿಯಿಡೀ ಶೆಡ್ಡಿನ ತೇವ ಹೀರಿ ಕಂಬಳಿ ಭಾರವಾಗುತ್ತದೆ. ಉಳಿದದ್ದನ್ನು ಇಲಿ ಮುಗಿಸುತ್ತದೆ. ಕೆಳಗೆ ಬೆಚ್ಚಗಿನ ಎಂಜಿನ್, ಮೇಲೆ ಕಿತ್ತುಕೊಳ್ಳಲು ಮೆತ್ತನೆಯ ನಾರು. ಬಸುರಿ ಇಲಿಗೆ ಇದಕ್ಕಿಂತ ಒಳ್ಳೆಯ ಹೆರಿಗೆ ಕೋಣೆ ಇಡೀ ತಾಲ್ಲೂಕಿನಲ್ಲಿಲ್ಲ.

ನನ್ನ ಕಾರಿನ ಕಂಬಳಿ ಜೋತುಬಿದ್ದ ಸುದ್ದಿ ಹಬ್ಬಿದ್ದೇ ತಡ, ಮನೆಗೆ ಬಂದವರೆಲ್ಲ ಕಾಫಿ ಲೋಟ ಹಿಡಿದುಕೊಂಡೇ ಶೆಡ್ಡಿಗೆ ನಡೆಯತೊಡಗಿದರು. ರೊಬಸ್ಟಾ ರೇಟು, ಕೊಳೆರೋಗ, ಆಳಿನ ತಾಪತ್ರಯ ಎಲ್ಲವೂ ಬದಿಗೆ ಸರಿದವು. ‘ಎಂತ ಮಾರಾಯ, ಒಂದು ತುಂಡು ಬೈಂಡಿಂಗ್ ವಯರ್ ಇಲ್ವಾ ಮನೇಲಿ?’ ಎಂದರು ಭಾವ. ಗೇಟು, ಪಂಪ್‌ಸೆಟ್ಟು, ಸ್ವಂತ ಕನ್ನಡಕ, ಎಲ್ಲಕ್ಕೂ ಅವರದು ಅದೇ ಮದ್ದು. ಚಿಕ್ಕಪ್ಪನಿಗೆ ಗೋಣಿದಾರದಲ್ಲಿ ಹೊಲಿಯುವುದೇ ಭದ್ರವೆಂದು ಕಂಡಿತು. ಡಬ್ಬಣ ಹುಡುಕಲು ಎದ್ದೇಬಿಟ್ಟರು. ತಗಡಿನ ಬಾನೆಟ್ಟಿಗೆ ಡಬ್ಬಣ ಎಲ್ಲಿ ಚುಚ್ಚುವುದೆಂಬ ಪ್ರಶ್ನೆ ಅವರನ್ನು ಕಾಡಲಿಲ್ಲ. ತೋಟದ ರೈಟರು, ಇದನ್ನು ಕಿತ್ತೆಸೆದು ಗೋಣಿಚೀಲ ಅಂಟಿಸಿ ಸಾರ್, ಚೀಲ ನಾನೇ ಕೊಡಿಸ್ತೀನಿ ಎಂದರು. ಚೀಲಗಳು ನನ್ನವೇ.

ಕಳಸದ ಕಡೆಯಿಂದ ಹಳೇ ಜೀಪಿನಲ್ಲಿ ಬಂದಿದ್ದ ಹಿರಿಯರೊಬ್ಬರು ಮಾತ್ರ ಇಣುಕಿಯೂ ನೋಡಲಿಲ್ಲ. ‘ನಮ್ಮದಕ್ಕೆ ಬರೀ ತಗಡು. ಏನಾದ್ರೂ ಇದ್ರೆ ತಾನೇ ಬೀಳೋದು?’ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಹೊರನಾಡಿನ ದಾರಿ ಕಟ್ಟಿದಾಗಲೆಲ್ಲ ನೀರು ಇಳಿಯುವುದನ್ನು ಕಾದು ನಿಂತವರಿಗೆ ಒಂದು ಜೋಲು ಬಟ್ಟೆ ಯಾವ ಲೆಕ್ಕ? ಮೇಲಾಗಿ ಅವರ ಜೀಪಿನ ಸದ್ದು ಅಡಗಬೇಕಾದ ಸದ್ದೂ ಅಲ್ಲ. ತೋಟದ ಮನೆಗಳು ಒಂದಕ್ಕೊಂದು ದೂರ. ಏರು ಹತ್ತುವ ಗಾಡಿಯ ದನಿಯಲ್ಲೇ ಬರುವವರು ಯಾರೆಂದು ತಿಳಿದು ಒಳಗೆ ಹಾಲು ಒಲೆಗೇರುತ್ತದೆ.

ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೆ ಬದುಕಿದ್ದ ಊರು ಮೂಡಿಗೆರೆ. ತಾನೇ ಬಿಚ್ಚಿ ನೋಡದೆ ಯಾರ ಮಾತನ್ನೂ ನಂಬಬಾರದೆಂಬ ಹಟ ಇಲ್ಲಿನ ನೀರಿಗೇ ಹತ್ತಿದೆ. ನಾನೂ ಬಿಚ್ಚಿದೆ. ಸೀಟು ಹೊಲಿಯುವವರೊಬ್ಬರು ಕ್ರಮ ಹೇಳಿಕೊಟ್ಟರು. ತಂತಿ ಕಟ್ಟಬಾರದು, ಸಡಿಲಾದರೆ ಬೆಲ್ಟಿಗೆ ಸಿಕ್ಕೀತು, ಬ್ಯಾಟರಿಗೆ ತಾಗೀತು. ಗೋಣಿ ಬೇಡ, ಎಂಜಿನ್ನಿನ ಕಾವಿಗೆ ಹೊತ್ತಿಕೊಂಡೀತು. ಮರಕ್ಕೆ ಹಚ್ಚುವ ಬಿಳಿ ಅಂಟು ಈ ತೇವದಲ್ಲಿ ನಿಲ್ಲದು. ತಗಡನ್ನು ಎಣ್ಣೆ-ಧೂಳಿಲ್ಲದಂತೆ ಒರೆಸಿ, ಕಾವು ತಡೆಯುವ ಅಂಟನ್ನು ತಗಡಿಗೂ ಕಂಬಳಿಗೂ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒಮ್ಮೆಗೇ ಒತ್ತಬೇಕು. ಅಂಟಿದ ಮೇಲೆ ಸರಿಸಲಾಗದು. ಕೊನೆಗೆ ಹೊಸ ಕ್ಲಿಪ್ಪು. ಎಲ್ಲಕ್ಕಿಂತ ಮೊದಲು ಕಂಬಳಿ ಪೂರ್ತಿ ಒಣಗಿರಬೇಕು, ಎಂದರು. ಆಶ್ಲೇಷ ಮಳೆಯಲ್ಲಿ ಈ ಮಾತು ಹೇಳಲು ಧೈರ್ಯ ಬೇಕು. ಕಂಬಳಿಯೂ ಒಲೆಯ ಮೇಲೆ ಪ್ಯಾಂಟಿನ ಪಕ್ಕಕ್ಕೆ ಹೋಯಿತು. ಅದೇ ಮೊದಲು ಒಣಗಿತು.

ಈಗ ಕಂಬಳಿ ಭದ್ರವಾಗಿದೆ. ಇಲಿ ಬಾರದಿರಲೆಂದು ಬ್ಯಾಟರಿಯ ಬದಿಗೆ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದೇನೆ. ಇಲಿ ಬಂದಿಲ್ಲ, ಎಲೆಯಡಿಕೆ ಹಾಕುವವರು ಬರುತ್ತಾರೆ, ಕಟ್ಟು ದಿನೇ ದಿನೇ ಸಣ್ಣದಾಗುತ್ತಿದೆ.

ಸದ್ದು ಎಷ್ಟು ತಗ್ಗಿತೆಂದು ನನ್ನ ಕಿವಿಗೆ ತಿಳಿಯದು. ಹೆಂಡತಿಯ ಪ್ರಕಾರ ಪೂರ್ತಿ ತಗ್ಗಿದೆ: ‘ನೀವು ಬಂದಿದ್ದೇ ಕೇಳ್ಲಿಲ್ಲ, ಅದಕ್ಕೇ ಕಾಫಿ ಇಟ್ಟಿಲ್ಲ.’ ಹೀಗಾಗಿ ಗೇಟಿನ ತಿರುವಿನಲ್ಲೇ ಉದ್ದಕ್ಕೆ ಹಾರನ್ ಹೊಡೆಯುತ್ತೇನೆ. ಅದು ಆಚೀಚೆ ತೋಟದವರಿಗೂ ಕೇಳುತ್ತದೆ. ಅವರೂ ಕಾಫಿಗೆ ಬರುತ್ತಾರೆ. ಬಂದವರು ಲೋಟ ಕೈಗೆತ್ತಿಕೊಂಡು, ‘ಎಲ್ಲಿ, ಬಾನೆಟ್ ಎತ್ತಿ, ನೋಡುವ’ ಎನ್ನುತ್ತಾರೆ.