ನಮಗೆ ಗೊತ್ತಿಲ್ಲದ ವಿಷಯ

ಮಕ್ಕಳಿಗೆ ಮಿಡ್ಲ್ ಸ್ಕೂಲಿನಲ್ಲೇ ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡಬೇಕು ಅನ್ನುವುದು ಈಗಿನ ಶಿಕ್ಷಣ ತಜ್ಞರ ಮಾತು. ಕೊಡೋಣ, ಯಾರು ಬೇಡ ಅಂದರು? ಆದರೆ ಆ ಸ್ವಾತಂತ್ರ್ಯ ಒಂದು ಫಾರಂ ರೂಪದಲ್ಲಿ, ಅಮ್ಮನ ವಾಟ್ಸಾಪಿಗೆ, ಭಾನುವಾರ ಬೆಳಗ್ಗೆ ಎಲ್ಲರೂ ಮನೆಯಲ್ಲಿರುವಾಗ ಬರುತ್ತದೆ. ಅಲ್ಲಿಗೆ ಮಗುವಿನ ಸ್ವಾತಂತ್ರ್ಯ ಮುಗಿಯಿತು.

ಜೆ.ಪಿ. ನಗರದ ನಮ್ಮ ಮನೆಗೂ ಮಾರ್ಚ್ ಕೊನೆಯಲ್ಲಿ ಅದು ಬಂತು. ಮಗಳು ಐದು ಮುಗಿಸಿ ಆರಕ್ಕೆ ಹೊರಟಿದ್ದಳು. ಫಾರಂನಲ್ಲಿ ಎರಡು ಭಾಗ. ಮೂರನೇ ಭಾಷೆಗೆ ಹಿಂದಿ, ಸಂಸ್ಕೃತ, ಫ್ರೆಂಚ್. ಸ್ಕಿಲ್ ಸಬ್ಜೆಕ್ಟ್ ಅನ್ನುವ ಕಡೆ ಕೋಡಿಂಗ್, ನಾಟಕ, ಬೆಂಕಿಯಿಲ್ಲದ ಅಡುಗೆ, ಕುಂಬಾರಿಕೆ. ಕನ್ನಡದ ಎದುರಿಗೆ ಮಾತ್ರ ಟಿಕ್ ಮೊದಲೇ ಅಚ್ಚಾಗಿತ್ತು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಇಲ್ಲವೇ ಎರಡನೇ ಭಾಷೆಯಾಗಿ ಕಲಿಸಲೇಬೇಕು. ನಮ್ಮ ಮನೆಯಲ್ಲಿ ಚರ್ಚೆಯಿಲ್ಲದೆ ಪಾಸಾದ ಸಾಲು ಅದೊಂದೇ.

ಮಾವನವರು ಕನ್ನಡಕ ಒರೆಸಿಕೊಂಡು ಫಾರಂ ನೋಡಿದವರೇ, “ಸಂಸ್ಕೃತ. ಇದರಲ್ಲಿ ಯೋಚನೆ ಮಾಡೋದೇನಿದೆ? 125ಕ್ಕೆ 125” ಎಂದರು.

ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಸಂಸ್ಕೃತ ತಗೊಂಡು ಅಂಕ ಬಾಚಿಕೊಳ್ಳುವುದು ನಮ್ಮ ಜಯನಗರ, ಬಸವನಗುಡಿ ಕಡೆಯ ಹಳೇ ಕಸುಬು. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು ಅನ್ನುವ ಅನುಕೂಲ ಬೇರೆ. ಪ್ರೌಢಶಾಲೆಯ ಮೊದಲ ಭಾಷೆ ಯಾವುದಾಗಬೇಕು ಅನ್ನುವ ಈ ಜಗಳ ಜೋರಾಗಿಯೇ 1980ರಲ್ಲಿ ಗೋಕಾಕ್ ಸಮಿತಿ ಬಂತು, 1981ರಲ್ಲಿ ವರದಿ ಬಂತು, 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು. ಇಷ್ಟೆಲ್ಲ ಆದರೂ ಮಾವನವರ ತಲೆಯಲ್ಲಿ ಆ 125 ಅಲುಗಾಡಿಲ್ಲ.

“ಮಾವ, ಇವಳದ್ದು ಸಿಬಿಎಸ್‌ಇ. ಅಲ್ಲಿ 125 ಇಲ್ಲ. ಅದೂ ಅಲ್ಲದೆ ಇವಳ ಸ್ಕೂಲಲ್ಲಿ ಮೂರನೇ ಭಾಷೆ ಎಂಟಕ್ಕೇ ಮುಗಿದುಹೋಗುತ್ತೆ.”

“ಇಲ್ಲ ಅಂದ್ರೆ ಹೇಗಮ್ಮ? ಸಂಸ್ಕೃತ ಅಂದಮೇಲೆ 125 ಇರಲೇಬೇಕು.”

ಮಾರನೆಯ ದಿನ ಅವರು ವಿಷಯವನ್ನು ಮಿನಿ ಫಾರೆಸ್ಟಿಗೆ ಒಯ್ದರು. ಅಲ್ಲಿ ದಿನಾ ವಾಕಿಂಗ್ ಬರುವ ಪಿಂಚಣಿದಾರರದ್ದೊಂದು ತಜ್ಞರ ಸಮಿತಿಯಿದೆ. ಗೋಕಾಕರ ಸಮಿತಿ ವರದಿ ಕೊಡಲು ತಿಂಗಳುಗಟ್ಟಲೆ ತೆಗೆದುಕೊಂಡಿತು. ಮಿನಿ ಫಾರೆಸ್ಟ್ ಸಮಿತಿ ಎರಡು ಸುತ್ತು ನಡೆಯುವಷ್ಟರಲ್ಲಿ ಒಮ್ಮತದ ವರದಿ ಕೊಟ್ಟಿತು: ಸಂಸ್ಕೃತ.

ಅತ್ತೆಯವರು ಭಿನ್ನಮತ ದಾಖಲಿಸಿದರು. 1918ರಲ್ಲಿ ಗಾಂಧೀಜಿ ಮದರಾಸಿನಲ್ಲಿ ಹುಟ್ಟುಹಾಕಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ್, ಮಧ್ಯಮಾ, ರಾಷ್ಟ್ರಭಾಷಾ ಮೂರೂ ಪರೀಕ್ಷೆ ಪಾಸು ಮಾಡಿದವರು ಅವರು. ಸರ್ಟಿಫಿಕೇಟುಗಳು ಇವತ್ತಿಗೂ ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ನುಸಿಗುಳಿಗೆಯ ವಾಸನೆ ಹೊತ್ತು ಮಲಗಿವೆ. “ಮನೇಲೇ ಟೀಚರ್ ಇರುವಾಗ ಟ್ಯೂಷನ್ ದುಡ್ಡು ಯಾಕೆ ದಂಡ?” ಎಂದು ರಾತ್ರಿ ಊಟದ ತಟ್ಟೆಯಿಂದಲೇ ಪಾಠ ಶುರು ಮಾಡಿದರು. “ಹೇಳು ಪುಟ್ಟಿ, ರೋಟಿ ಸ್ತ್ರೀಲಿಂಗ. ದಹಿ ಪುಲ್ಲಿಂಗ. ಪಾನಿ ಪುಲ್ಲಿಂಗ.” ಮಗಳು ಚಪಾತಿಯನ್ನು ಮೊಸರಿನಲ್ಲಿ ಅದ್ದಿ, “ಈಗ ಇದು ಯಾವ ಲಿಂಗ ಅಜ್ಜಿ?” ಅಂದಳು. ರಾಷ್ಟ್ರಭಾಷಾ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲವೆಂದು ಕಾಣುತ್ತದೆ.

ಶನಿವಾರ ಬಿಟಿಎಂ ಲೇಔಟಿನಿಂದ ನನ್ನ ತಮ್ಮ ಬಂದ. ಸಾಫ್ಟ್‌ವೇರ್ ಮನುಷ್ಯ. ಕಾಫಿ ಲೋಟ ಕೈಗೆ ಬರುವ ಮೊದಲೇ ತೀರ್ಪು ಕೊಟ್ಟ: “ಅಕ್ಕಾ, ಕೋಡಿಂಗ್ ಹಾಕು. ಇನ್ನು ಹತ್ತು ವರ್ಷಕ್ಕೆ ಕೋಡಿಂಗ್ ಬರದವರಿಗೆ ಕೆಲಸವೇ ಇರಲ್ಲ.” ಹಿಂದಿನ ತಿಂಗಳಷ್ಟೇ ಇದೇ ಸೋಫಾದ ಮೇಲೆ ಕೂತು, ಎ.ಐ. ಬಂದು ಕೋಡಿಂಗ್ ಮಾಡುವವರ ಕೆಲಸವೆಲ್ಲ ಹೋಗುತ್ತದೆ ಎಂದು ತಲೆ ಮೇಲೆ ಕೈಹೊತ್ತವನೂ ಇವನೇ. ಅದನ್ನು ನೆನಪಿಸಿದೆ. “ಹೌದು, ಬಂದವರಿಗೂ ಇರಲ್ಲ. ಆದ್ರೂ ಬೇಸಿಕ್ಸ್ ಗೊತ್ತಿರಬೇಕಲ್ವಾ?” ಎಂದ. ಪ್ರತಿ ಶನಿವಾರ ತಾನೇ ಬಂದು ಹೇಳಿಕೊಡುವುದಾಗಿಯೂ ಘೋಷಿಸಿದ. ಮಗಳ ಮುಖ ಸಣ್ಣಗಾಯಿತು.

ನಮ್ಮ ಯಜಮಾನರ ಒಲವು ನಾಟಕದ ಕಡೆಗೆ. ಕಾಲೇಜಿನ ನಾಟಕವೊಂದರಲ್ಲಿ ಭರ್ಜಿ ಹಿಡಿದು ಅಷ್ಟು ಹೊತ್ತೂ ನಿಂತಿದ್ದರು. ಮಾತಿರಲಿಲ್ಲ. ಆಗ ಆಡದೇ ಉಳಿದ ಮಾತನ್ನೆಲ್ಲ ಈಗ ಮನೆಯಲ್ಲಿ ಆಡುತ್ತಾರೆ. 2004ರಲ್ಲಿ ನಮ್ಮ ಬಡಾವಣೆಯಲ್ಲೇ ರಂಗಶಂಕರ ಬಾಗಿಲು ತೆರೆದಾಗಿನಿಂದಂತೂ ಅವರು ರಂಗಭೂಮಿಯ ಮನೆಯವರೇ ಆಗಿಬಿಟ್ಟಿದ್ದಾರೆ. ಅಲ್ಲಿ ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಯಜಮಾನರು ಬದುಕಿನಲ್ಲಿ ಸಮಯಕ್ಕೆ ಸರಿಯಾಗಿ ತಲುಪುವ ಜಾಗ ಅದೊಂದೇ. “ನಾಟಕ ತಗೊಳ್ಳಲಿ, ಬೆಳಗ್ಗೆ ಆರಕ್ಕೆ ಎಬ್ಬಿಸಿ ನಾನೇ ವಾಯ್ಸ್ ಟ್ರೇನಿಂಗ್ ಕೊಡ್ತೀನಿ” ಎಂದು, ನಮೂನೆಗಾಗಿ ಹಾಲ್‌ನಲ್ಲೇ ಒಂದು ಕೂಗು ಕೂಗಿದರು. ಕೆಳಗಿನ ಮನೆಯವರು ಫೋನ್ ಮಾಡಿ ಕ್ಷೇಮ ವಿಚಾರಿಸಿದರು.

ಉಳಿದವಳು ನಾನು. ಮದುವೆಗೆ ಮುಂಚೆ ವಸಂತನಗರದ ಆಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಫ್ರೆಂಚಿನ ಮೊದಲ ಹಂತ ಮುಗಿಸಿದವಳು. ಇವತ್ತಿಗೂ ನನ್ನ ಹೆಸರು, ನಾನು ಬೆಂಗಳೂರಿನವಳು ಅನ್ನುವುದು, ಒಂದರಿಂದ ಇಪ್ಪತ್ತು, ಇವಿಷ್ಟನ್ನು ತಪ್ಪಿಲ್ಲದೆ ಹೇಳಬಲ್ಲೆ. ಪ್ಯಾರಿಸ್ಸಿನಲ್ಲಿ ಕಳೆದುಹೋದರೆ ಪೊಲೀಸರಿಗೆ ಇಷ್ಟು ಸಾಕು. ನಾನು ಫ್ರೆಂಚ್ ಅನ್ನುತ್ತಿದ್ದಂತೆ ಮಾವನವರು ಚರಿತ್ರೆ ತೆಗೆದರು. ಕೇಂದ್ರೀಯ ವಿದ್ಯಾಲಯಗಳಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಮೂರನೇ ಭಾಷೆಯಾಗಿ ಜರ್ಮನ್ ಓದುತ್ತಿದ್ದರು. 2014ರ ನವೆಂಬರಿನಲ್ಲಿ, ಅರ್ಧ ವರ್ಷ ಕಳೆದ ಮೇಲೆ, ಜರ್ಮನ್ ಬಿಡಿಸಿ ಸಂಸ್ಕೃತಕ್ಕೆ ಕೂರಿಸಿದರು. “ನೋಡಿದ್ಯಾ, ಪರದೇಶದ ಭಾಷೆ ನಡುನೀರಲ್ಲಿ ಕೈಬಿಡುತ್ತೆ. ಕೊನೆಗೆ ಕೈಹಿಡಿದದ್ದು ಯಾವುದು?” ಕೈಬಿಟ್ಟದ್ದು ಜರ್ಮನ್ ಅಲ್ಲ, ದೆಹಲಿಯ ಆದೇಶ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಕುಕ್ಕರ್ ಕೂಗಿತು.

ಬೆಂಕಿಯಿಲ್ಲದ ಅಡುಗೆಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಎನ್‌ಸಿಇಆರ್‌ಟಿಯ ಆರನೇ ತರಗತಿಯ ‘ಕೌಶಲ್ ಬೋಧ್’ ಪುಸ್ತಕದಲ್ಲಿ ಶಾಲೆಯ ಕೈತೋಟದ ಜೊತೆ ಅದೂ ಒಂದು ಪಾಠ. ಅತ್ತೆಯವರಿಗೆ ವಿವರಿಸಿದೆ. “ಅಂದ್ರೆ ಕೋಸಂಬರಿ. ರಾಮನವಮಿಗೆ ನಾನು ಮಾಡೋದಕ್ಕೆ ಇವರು ಫೀಸ್ ತಗೋತಾರಾ?” ಎಂದು ಆ ಅಧ್ಯಾಯ ಮುಚ್ಚಿದರು.

ಫಾರಂ ಕಳಿಸುವ ಕೊನೆಯ ದಿನ ಬಂತು. ಆಗ ಯಾರಿಗೋ ಮಗಳನ್ನೂ ಒಂದು ಮಾತು ಕೇಳೋಣ ಅನ್ನಿಸಿತು. ಅವಳು ಒಳಗೆ ಹೋಗಿ ರಫ್ ಪುಸ್ತಕ ತಂದು ಕೊನೆಯ ಪುಟ ತೆಗೆದಳು. ಸ್ಕೇಲಿಟ್ಟು ಗೆರೆ ಎಳೆದ ಪಟ್ಟಿ. ಎಡಕ್ಕೆ ವಿಷಯ, ಬಲಕ್ಕೆ ‘ಮನೇಲಿ ಯಾರಿಗೆ ಬರುತ್ತೆ’ ಎಂಬ ತಲೆಬರಹ. ಹಿಂದಿಯ ಎದುರು ಅಜ್ಜಿ. ಕೋಡಿಂಗ್ ಎದುರು ಮಾಮ. ನಾಟಕದ ಎದುರು ಅಪ್ಪ, ಪಕ್ಕದಲ್ಲಿ ‘ಬೆಳಗ್ಗೆ 6’ ಎಂದು ಕೆಂಪು ಶಾಯಿಯಲ್ಲಿ. ಅಡುಗೆಗೆ ಅಜ್ಜಿ ಮತ್ತು ಅಮ್ಮ. ಫ್ರೆಂಚಿಗೆ ‘ಅಮ್ಮ, ಸ್ವಲ್ಪ’. ಎಲ್ಲಕ್ಕೂ ಅಡ್ಡಗೀಟು ಬಿದ್ದಿತ್ತು. ಸಂಸ್ಕೃತದ ಎದುರು ‘ತಾತ, ಆದರೆ ಪರವಾಗಿಲ್ಲ’ ಎಂದಿತ್ತು. ಕುಂಬಾರಿಕೆಯ ಎದುರು ಜಾಗ ಖಾಲಿ. ಅದರ ಸುತ್ತ ಎರಡು ಸಲ ಸೊನ್ನೆ ಸುತ್ತಿದ್ದಳು.

“ತಾತ ಆದ್ರೆ ಪರವಾಗಿಲ್ಲ ಅಂದ್ರೆ ಏನೇ?” ಎಂದೆ.

“ತಾತ ರಾಮಃ ರಾಮೌ ಅಂತ ಶುರು ಮಾಡಿ ಷಷ್ಠೀ ವಿಭಕ್ತಿ ಬರೋಷ್ಟರಲ್ಲಿ ನಿದ್ದೆ ಮಾಡ್ತಾರಮ್ಮ. ನಾನು ಆಟಕ್ಕೆ ಹೋಗಬಹುದು.”

ಸಂಸ್ಕೃತ ಗೆದ್ದಿತೆಂದು ಮಾವನವರು ಸಂತೋಷಪಟ್ಟರು, ಕಾರಣ ಅವರ ಕಿವಿಗೆ ಬಿದ್ದಿರಲಿಲ್ಲ. ಕುಂಬಾರಿಕೆಗೆ ಮಾತ್ರ ಅಡ್ಡ ಹಾಕಿದರು: “ಮಡಕೆ ಮಾಡೋಕೆ ಇಷ್ಟು ಫೀಸ್ ಕಟ್ಟಿ ಸ್ಕೂಲಿಗೆ ಕಳಿಸಬೇಕಾ?” ಇದು ನಮ್ಮ ದೇಶದಲ್ಲಿ ಹೊಸ ಪ್ರಶ್ನೆಯಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಓದು ಅಂದಾಗಲೂ ಅಪ್ಪಂದಿರು ಇದನ್ನೇ ಕೇಳಿರಬೇಕು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಮಾತಿನಿಂದ ಎಸ್.ಯು.ಪಿ.ಡಬ್ಲ್ಯೂ. ಪೀರಿಯಡ್ ಬಂತು. ನಮ್ಮ ಶಾಲೆಯಲ್ಲಿ ಅದರಲ್ಲಿ ಪಾರ್ಥೇನಿಯಂ ಕಿತ್ತೆವು, ಕರ್ಚೀಫಿಗೆ ಅಂಚು ಹೊಲಿದೆವು, ಮಿಕ್ಕಿದ್ದನ್ನು ಗಣಿತದ ಮೇಷ್ಟ್ರು ಕಿತ್ತುಕೊಂಡರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳು ಬ್ಯಾಗಿಲ್ಲದ ಹತ್ತು ದಿನ ಬಡಗಿ, ತೋಟಗಾರ, ಕುಂಬಾರರಂಥವರ ಹತ್ತಿರ ಕೆಲಸ ಕಲಿಯಲಿ ಅನ್ನುತ್ತದೆ. ಅಂಕವಿಲ್ಲದ್ದನ್ನು ಮಕ್ಕಳಿಗೆ ಕಲಿಸುವುದು ಹೇಗೆಂದು ಸರ್ಕಾರಗಳು ಇಷ್ಟು ಕಾಲದಿಂದ ಯೋಚಿಸುತ್ತಿವೆ. ಅಂಕವಿಲ್ಲದಿದ್ದರೆ ಯಾಕೆ ಕಲಿಯಬೇಕೆಂದು ನಾವೂ ಅಷ್ಟೇ ಕಾಲದಿಂದ ಕೇಳುತ್ತಿದ್ದೇವೆ.

ಮಳೆಗಾಲ ಶುರುವಾದ ಮೇಲೆ ಮೊದಲ ಕುಡಿಕೆ ಮನೆಗೆ ಬಂತು. ಕೆಂಪಗಿತ್ತು, ಎಡಕ್ಕೆ ವಾಲಿತ್ತು, ಬಾಯಿಯ ಹತ್ತಿರ ಪುಟ್ಟ ಹೆಬ್ಬೆರಳಿನ ಗುರುತು ಉಳಿದಿತ್ತು. ಮನೆಮಂದಿಯೆಲ್ಲ ಸುತ್ತ ನಿಂತೆವು. ಇದೇ ಮನೆಯಲ್ಲಿ ಅವಳ ಗಣಿತಕ್ಕೆ ಐದು ಜನ ಐದು ಸಲಹೆ ಕೊಡುತ್ತಾರೆ. ಈಗ ಒಬ್ಬರ ಬಾಯಿಂದಲೂ ಮಾತಿಲ್ಲ. ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನಲು ಚೆನ್ನಾಗಿ ಮಾಡುವುದು ಹೇಗೆಂದು ಗೊತ್ತಿರಬೇಕಲ್ಲ! ತಮ್ಮ ಫೋನ್ ತೆಗೆದು ಹುಡುಕತೊಡಗಿದ. ಅಷ್ಟರಲ್ಲಿ ಮಗಳೇ ಪಾಠ ಶುರು ಮಾಡಿದಳು. ಜೇಡಿಮಣ್ಣನ್ನು ಚೆನ್ನಾಗಿ ನಾದದಿದ್ದರೆ ಒಳಗೆ ಗಾಳಿ ಉಳಿಯುತ್ತದೆ, ಸುಡುವಾಗ ಒಡೆಯುತ್ತದೆ. ತಿಗರಿಯ ಮೇಲೆ ಮಣ್ಣು ನಟ್ಟನಡುವೆ ಕೂರದಿದ್ದರೆ ಹೀಗೆ ಸೊಟ್ಟಗಾಗುತ್ತದೆ. ಬಿಸಿಲಿಗಿಟ್ಟು ಅವಸರದಲ್ಲಿ ಒಣಗಿಸಿದರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಆರಬೇಕು. ಆಮೇಲೆ ಆವಿಗೆ. ಯಜಮಾನರು ಕೈಯೆತ್ತಿ ಪ್ರಶ್ನೆ ಕೇಳಿದರು. ಅವಳು “ಕೊನೇಲಿ ಕೇಳಿ” ಅಂದಳು.

“ಇದರಲ್ಲಿ ಮೊಸರಿಗೆ ಹೆಪ್ಪು ಹಾಕಬಹುದಾ ಪುಟ್ಟಿ?” ಅತ್ತೆಯವರು ಆಸೆಯಿಂದ ಕೇಳಿದರು.

“ಬೇಡ ಅಜ್ಜಿ. ಪುಲ್ಲಿಂಗ ಸೋರುತ್ತೆ.”

ಬರುವ ಮಾರ್ಚಿನಲ್ಲಿ ನಿಮ್ಮ ವಾಟ್ಸಾಪಿಗೂ ಆ ಫಾರಂ ಬರಬಹುದು. ಮಗುವಿನ ಆಸಕ್ತಿ, ಭವಿಷ್ಯ, ಸ್ಕೋರಿಂಗ್ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಮನೆಯವರಿಗೆ ಗೊತ್ತಿರುವ ವಿಷಯಗಳನ್ನೆಲ್ಲ ಹೊಡೆದುಹಾಕಿ, ಉಳಿದದ್ದರಲ್ಲಿ ಮಗು ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ. ಅಪ್ಪ ಅಮ್ಮನಿಗೆ ಗಂಧಗಾಳಿ ಇಲ್ಲದ ವಿಷಯವನ್ನು ಮಗು ನೆಮ್ಮದಿಯಾಗಿ ಕಲಿಯುತ್ತದೆ. ಹೊಡೆದುಹಾಕಲು ಒಂದೂ ವಿಷಯ ಸಿಗದಿದ್ದರೆ, ನಿಮ್ಮ ಮಗು ಅದೃಷ್ಟ ಮಾಡಿದೆ.