ಒರಗು ಸೈಕಲ್ಲಿನ ಕೈಪಿಡಿ: ತಯಾರಕನನ್ನೂ ಗಿರಾಕಿಯನ್ನೂ ಹಿಡಿಯುವ ವಿಧಾನ

ಅಭಿನಂದನೆಗಳು. ಈ ಕೈಪಿಡಿ ನಿಮ್ಮ ಕೈಗೆ ಬಂದಿದೆ ಅಂದರೆ ನಿಮ್ಮ ಹಿತ್ತಲಲ್ಲಿ ಈಗಾಗಲೇ ಒಂದು ವಿಚಿತ್ರ ಸೈಕಲ್ಲು ನಿಂತಿದೆ. ಗುಜರಿಯಿಂದ ತಂದ ಎರಡು ಹಳೇ ಫ್ರೇಮು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಯ ಮೇಲರ್ಧ, ಒಂದಕ್ಕೊಂದು ಜೋಡಿಸಿದ ಎರಡೂವರೆ ಚೈನು. ಸವಾರ ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯುತ್ತಾನೆ. ಹಿಂದೆ ಎರಡು ಮೂಟೆ ತೆಂಗಿನಕಾಯಿ ಕೂರುತ್ತವೆ. ಓಡಿಸಬಲ್ಲವರು ಸದ್ಯಕ್ಕೆ ನೀವೊಬ್ಬರೇ. ಇದನ್ನು ಮಾಡಿಕೊಡುವವರು ಯಾರು, ಕೊಳ್ಳುವವರು ಯಾರು ಅನ್ನುವುದೇ ಈಗಿನ ಪ್ರಶ್ನೆ. ಕೈಪಿಡಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಚಳ್ಳಕೆರೆ, ಮೊಳಕಾಲ್ಮೂರಿನವರು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಬಳಸಬಹುದು.

ಎಚ್ಚರಿಕೆ (ಸೈಕಲ್ಲನ್ನು ಹಿತ್ತಲಿಂದ ಹೊರಗೆ ತರುವ ಮುಂಚೆ ಓದಿ)

ಹತ್ತು ಜನ ನೋಡಿದ ಮೇಲೆ ಪೇಟೆಂಟ್ ಕೇಳಿದರೆ ಹೊಸತನ ಹೋಯಿತು ಅನ್ನುತ್ತದೆ ಕಾನೂನು. ಹಾಗಾಗಿ ತೇರಿನ ದಿನ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ ಸುತ್ತು ಹೊಡೆಯುವುದನ್ನು ಮುಂದೂಡಿ. ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈನ ಪೇಟೆಂಟ್ ಕಚೇರಿಗೆ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ತಾತ್ಕಾಲಿಕ ಅರ್ಜಿ ಹಾಕಲು 1,600 ರೂಪಾಯಿ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ‘ಒರಗಿ ಕೂರುವುದು ನನ್ನ ಆವಿಷ್ಕಾರ’ ಎಂದು ಮಾತ್ರ ಬರೆಯಬೇಡಿ. ಅದಕ್ಕೆ ಪ್ರತಿ ಊರಿನ ಅರಳಿಕಟ್ಟೆಯ ಮೇಲೂ ಪೂರ್ವಪುರಾವೆ ಇದೆ. ಮೂಟೆ ಹೊತ್ತಾಗಲೂ ವಾಲದ ಕ್ಯಾರಿಯರ್, ಸೀಟಿನ ಕೆಳಗಿಂದ ಹ್ಯಾಂಡಲ್ ತಿರುಗಿಸುವ ಕಂಬಿಜೋಡಣೆ, ಹೀಗೆ ನಿಜಕ್ಕೂ ನಿಮ್ಮದಾದ ಒಂದೆರಡು ಅಂಶಗಳಿಗಷ್ಟೇ ಹಕ್ಕು ಕೇಳಿ.

ಫ್ರಾನ್ಸಿನಲ್ಲಿ ಚಾರ್ಲ್ಸ್ ಮೋಶೆ ಎಂಬಾತ ಇಂಥ ಸೈಕಲ್ಲನ್ನು ಯಾವತ್ತೋ ಮಾಡಿ ಮುಗಿಸಿದ್ದಾನೆ. 1933ರ ಜುಲೈನಲ್ಲಿ ಪ್ಯಾರಿಸಿನಲ್ಲಿ ಅದರ ಮೇಲೆ ಒರಗಿದ ಫ್ರಾನ್ಸಿಸ್ ಫೌರ್ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿ, 1914ರಿಂದ ಅಲುಗದೆ ನಿಂತಿದ್ದ ದಾಖಲೆ ಮುರಿದ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮಾಡಿದ್ದೇನು? 1934ರಲ್ಲಿ ‘ಇದು ಸೈಕಲ್ಲೇ ಅಲ್ಲ’ ಎಂದು ಹೊರಗಿಟ್ಟಿತು. ಅದೇ 1933ರಲ್ಲಿ ನಮ್ಮ ಹಿರಿಯೂರಿನ ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿದು 2022 ಬಂತು. ಒರಗು ಸೈಕಲ್ಲಿನ ಸರದಿ ಇನ್ನೂ ಬಂದಿಲ್ಲ. ಹಿರಿಯೂರಿನವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಹಂತ 1: ಗಾಳಿಯನ್ನು ಕೇಳಿ

‘ಮಾಮೂಲಿ ಸೈಕಲ್ ಇರುವಾಗ ಇದ್ಯಾಕೆ?’ ಎಂದು ಕೇಳಿದವರನ್ನು ಆಷಾಢದಲ್ಲಿ ಜೋಗಿಮಟ್ಟಿ ಕಡೆಗೆ ಮುಖ ಮಾಡಿ ನಿಲ್ಲಿಸಿ. ದುರ್ಗದ ಗುಡ್ಡಗಳ ನೆತ್ತಿಯಲ್ಲಿ, ಹೊಸದುರ್ಗದ ಬೋಳುಬೆಟ್ಟಗಳ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟವರು ದಡ್ಡರಲ್ಲ. ಅವರಿಗೆ ಕರೆಂಟು ಕೊಡುವ ಗಾಳಿಯೇ ಎದುರು ಬಂದ ಸೈಕಲ್ ಸವಾರನ ತೊಡೆ ಮುರಿಯುತ್ತದೆ. ವೇಗ ಏರಿದಂತೆ, ಎದುರುಗಾಳಿ ಬಂದಂತೆ ತುಳಿತದ ಬಹುಪಾಲು ಗಾಳಿ ಸೀಳಲಿಕ್ಕೇ ಖರ್ಚಾಗುತ್ತದೆ. ಒರಗಿದ ಮೈ ಗಾಳಿಗೆ ಕಡಿಮೆ ಎದೆ ಕೊಡುತ್ತದೆ. ಮಾಮೂಲಿ ಸೈಕಲ್ಲಿನೆದುರು ನಿಮ್ಮ ಸೈಕಲ್ಲಿನ ಪರವಾಗಿ ಇರುವ ಏಕೈಕ ಗಟ್ಟಿ ವಾದ ಇದು. ಬೇರೆಯದನ್ನು ಹುಡುಕಲು ಹೋಗಬೇಡಿ.

ದಿಬ್ಬದ ವಿಷಯ ಬಂದಾಗ ಮಾತು ಬದಲಿಸಿ. ಒರಗಿ ಕೂತವನು ಪೆಡಲಿನ ಮೇಲೆ ಎದ್ದು ನಿಂತು ಮೈಭಾರ ಹಾಕಲಾರ. ವೇಗ ಇಳಿದರೆ ಹ್ಯಾಂಡಲ್ ನಡುಗುತ್ತದೆ. ಕೋಟೆಯ ಬಾಗಿಲವರೆಗೆ ತುಳಿದು ತೋರಿಸುತ್ತೇನೆ ಎಂದು ಯಾರಿಗೂ ಮಾತು ಕೊಡಬೇಡಿ. ಹಿರಿಯೂರಿನ ಹತ್ತಿರ ಎರಡು ರಾಷ್ಟ್ರೀಯ ಹೆದ್ದಾರಿ ಸೇರುತ್ತವೆ. ಅಲ್ಲಿ ಲಾರಿಯವರ ಕಣ್ಣಿಗೆ ನೀವು ಬೀಳಬೇಕಾದರೆ ಹಿಂದೆ ಉದ್ದನೆಯ ಕೋಲು ಕಟ್ಟಿ ಬಾವುಟ ಹಾರಿಸಬೇಕು. ಯಾವ ಪಕ್ಷದ್ದೂ, ಯಾವ ಸಂಘದ್ದೂ ಅಲ್ಲದ ಬಣ್ಣ ಹುಡುಕಿ. ಈ ಕೈಪಿಡಿಯ ಅತಿ ಕಷ್ಟದ ಕೆಲಸ ಇದೇ.

ಹಂತ 2: ಲೂಧಿಯಾನಕ್ಕೆ ಕಾಗದ ಬರೆಯಿರಿ, ಉತ್ತರ ಕಾಯಬೇಡಿ

ದೇಶದ ಸೈಕಲ್ ಹುಟ್ಟುವುದು ಬಹುಪಾಲು ಲೂಧಿಯಾನದಲ್ಲಿ. ಮುಂಜಾಲ್ ಸಹೋದರರು ಅಲ್ಲಿ 1956ರಲ್ಲಿ ಹೀರೋ ಸೈಕಲ್ಸ್ ಶುರುಮಾಡಿದರು. ಅಂಥ ಕಾರ್ಖಾನೆಗೆ ನಿಮ್ಮ ಫೋಟೊ ತಲುಪಿದರೆ ಯಾರೂ ದುಷ್ಟತನದಿಂದ ನಿರಾಕರಿಸುವುದಿಲ್ಲ. ಫ್ರೇಮಿನ ಒಂದು ಕೊಳವೆ ಬದಲಾದರೆ ಬೆಸುಗೆಯ ಅಚ್ಚು ಬದಲಾಗಬೇಕು, ಬಣ್ಣದ ಸಾಲಿನ ಕೊಕ್ಕೆ ಬದಲಾಗಬೇಕು, ಪೆಟ್ಟಿಗೆ ಬದಲಾಗಬೇಕು. ಲಕ್ಷಗಟ್ಟಲೆ ಒಂದೇ ಥರ ಮಾಡಿದರಷ್ಟೇ ಅವರಿಗೆ ಲೆಕ್ಕ ಗಿಟ್ಟುವುದು. ಹಾಗೆ ಮಾಡಿದವರೂ ಉಳಿಯುತ್ತಾರೆಂಬ ಖಾತರಿ ಇಲ್ಲ. ನಮ್ಮ ಅಪ್ಪಂದಿರ ಅಟ್ಲಾಸ್ ಕಂಪನಿ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ.

ನಿರಾಕರಣೆ ಬಂದರೆ ಚೌಕಟ್ಟು ಹಾಕಿಸಿ. ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಸಣ್ಣ ಗಾಲಿಯ ಸೈಕಲ್ ಹಿಡಿದು ರ‍್ಯಾಲಿ ಕಂಪನಿಗೆ ಹೋದಾಗ ಅವರು ಬೇಡವೆಂದರು. ಆತ 1962ರಲ್ಲಿ ತಾನೇ ಮಾಡಿ ಮಾರತೊಡಗಿದ. 1967ರಲ್ಲಿ ಅದೇ ರ‍್ಯಾಲಿ ಬಂದು ವ್ಯಾಪಾರವನ್ನೇ ಕೊಂಡಿತು. ಮಡಚುವ ಬ್ರಾಂಪ್ಟನ್ ಮಾಡಿದ ಆಂಡ್ರೂ ರಿಚ್ಚಿಯನ್ನೂ ಅವರು ವಾಪಸ್ ಕಳಿಸಿದ್ದರು. ಕೊನೆಗೆ ಆತ ಪರಿಚಿತರಿಂದ ಮುಂಗಡ ಪಡೆದು ಕೆಲಸ ಶುರುಮಾಡಿದ. ಮನೆಯ ಕಿಟಕಿಯಿಂದ ಕಾಣುತ್ತಿದ್ದ ಚರ್ಚಿನ ಹೆಸರನ್ನೇ ಸೈಕಲ್ಲಿಗೆ ಇಟ್ಟ. (ನೀವು ‘ಒನಕೆ’ ಅಂತ ಇಡಬೇಡಿ. ಬರುವವರ ತಲೆ ಒಡೆದ ಹೆಸರು ಗಿರಾಕಿಗೆ ಹಿಡಿಸುವುದಿಲ್ಲ. ಜೊತೆಗೆ ದುರ್ಗದಲ್ಲಿ ಒನಕೆ ಓಬವ್ವನ ಹೆಸರಿನ ಕ್ರೀಡಾಂಗಣವೇ ಇದೆ.)

ಹಂತ 3: ಸರ್ಕಾರ

ಬೇಗ ಮುಗಿಸೋಣ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದರೆ ಯೋಜನಾ ವರದಿ ಕೇಳುತ್ತಾರೆ. ಬ್ಯಾಂಕಿಗೆ ಹೋದರೂ ಅದೇ. ಎಂಟನೇ ತರಗತಿ ಮಕ್ಕಳಿಗೆ 2006–07ರಿಂದ ಸೈಕಲ್ ಹಂಚಿದ ಸರ್ಕಾರ ದೊಡ್ಡ ಗಿರಾಕಿಯೇ ಆಗಿತ್ತು, ನಿಜ. ಆದರೆ ಟೆಂಡರಿಗೆ ಬೇಕಾಗಿದ್ದು ಒಂದೇ ಅಚ್ಚಿನವು, ಆ ಹಂಚಿಕೆಯೂ ಕೋವಿಡ್ ಹೊತ್ತಿಗೆ ನಿಂತಿತು. ಸಂತೋಷಕ್ಕೆ ಒಂದು ಕಾರಣ ಇದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ.

ಹಂತ 4: ಬಂಟ್ವಾಳದ ಕಡೆ ಒಮ್ಮೆ ನೋಡಿ

ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ರೈತ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಒಂದು ‘ಬೈಕ್’ ಮಾಡಿದರು. ನೆಲದ ಮೇಲೆ ಓಡುವ ಗಾಲಿ ಅದಕ್ಕಿಲ್ಲ. ಪೆಟ್ರೋಲ್ ಎಂಜಿನ್, ಸೀಟು, ಬ್ರೇಕು ಇವೆ. ಮರವನ್ನು ತಬ್ಬಿಕೊಂಡು ಮೇಲಕ್ಕೇರುತ್ತದೆ. 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತು, ಆನಂದ್ ಮಹೀಂದ್ರಾ ಕೂಡ ಹಂಚಿಕೊಂಡರು. 2022ರ ಹೊತ್ತಿಗೆ ಸುಮಾರು 62,000 ರೂಪಾಯಿ ಬೆಲೆಗೆ ಮುನ್ನೂರಕ್ಕೂ ಹೆಚ್ಚು ಮಾರಾಟವಾಗಿವೆ ಎಂದು ವರದಿಯಾಯಿತು. ಕೊಂಡವರಿಗೆ ವಿಚಿತ್ರ ವಾಹನದ ಮೋಹವಿರಲಿಲ್ಲ. ಮರ ಹತ್ತುವ ಆಳು ಸಿಗುತ್ತಿರಲಿಲ್ಲ, ಅಷ್ಟೇ.

ಈಗ ನಿಮ್ಮ ಸೈಕಲ್ಲಿಗೂ ಪ್ರಶ್ನೆ ಹಾಕಿ: ಅದು ಯಾರ ಯಾವ ತೊಂದರೆ ನೀಗಿಸುತ್ತದೆ? ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ಅಚ್ಚುಕಟ್ಟಿನ ತರಕಾರಿ ಸದ್ಯ ಯಾವುದರ ಮೇಲೆ ಹೋಗುತ್ತಿವೆ? ಟಿವಿಎಸ್ ಎಕ್ಸ್‌ಎಲ್ ಮೇಲೆ. ನಿಮ್ಮ ಪೈಪೋಟಿ ಹೀರೋ ಜೊತೆಗಲ್ಲ, ಈ ಬಡ ಮೊಪೆಡ್ಡಿನ ಜೊತೆ. ಅದಕ್ಕೆ ಪೆಟ್ರೋಲು, ನಂಬರು, ವಿಮೆ, ಲೈಸೆನ್ಸು ಬೇಕು. ನಿಮ್ಮದಕ್ಕೆ ಯಾವುದೂ ಬೇಡ. ಬೇಕಿದ್ದರೆ 250 ವ್ಯಾಟ್ ಒಳಗಿನ ಮೋಟರು ಕೂರಿಸಬಹುದು. ವೇಗ ಗಂಟೆಗೆ 25 ಕಿಲೋಮೀಟರ್ ಮೀರದೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ದಾಟದೆ ಇದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಮಾತ್ರ ಬೇಕಾಗುತ್ತದೆ. ತೋಟದ ಕೆಸರಿನೊಳಗೆ ಬಿಡಬೇಡಿ, ಉದ್ದದ ಸೈಕಲ್ಲು ಅಡಿಕೆ ಸಾಲಿನ ನಡುವೆ ತಿರುಗುವುದಿಲ್ಲ. ತೋಟದ ಗೇಟಿನಿಂದ ಮಂಡಿಯವರೆಗಿನ ಡಾಂಬರು ಅದರ ರಾಜ್ಯ.

ತಯಾರಕ? ಮೊದಲನೆಯದನ್ನು ಬೆಸೆದ ವೆಲ್ಡಿಂಗ್ ಶಾಪಿನವನೇ. ಅವನ ಲೆಕ್ಕವೆಲ್ಲ ಕಣ್ಣಳತೆಯದು. ಅದಕ್ಕೇ ಕೊಳವೆಗಳು ಒಂದೇ ಜಾಗದಲ್ಲಿ ಕೂರುವಂಥ ಕಬ್ಬಿಣದ ಚೌಕಟ್ಟೊಂದನ್ನು ಮೊದಲು ಮಾಡಿಸಿ, ಆಮೇಲೆ ಎರಡನೇ ಸೈಕಲ್ಲು. ಸವೆಯುವ ಭಾಗಗಳೆಲ್ಲ, ಅಂದರೆ ಫ್ರೀವೀಲು, ಬಾಲ್ಸು, ಬ್ರೇಕ್ ರಬ್ಬರು, ಟ್ಯೂಬು, ಯಾವ ಪಂಚರ್ ಅಂಗಡಿಯಲ್ಲೂ ಸಿಗುವಂಥವೇ ಇರಲಿ. ಲೂಧಿಯಾನವನ್ನು ಬಳಸುವ ಸರಿಯಾದ ದಾರಿ ಇದೇ: ಬಿಡಿಭಾಗ ಅವರದು, ಹುಚ್ಚು ನಿಮ್ಮದು.

ತೊಂದರೆ ನಿವಾರಣೆ

ಲಕ್ಷಣ: ‘ಏನಪ್ಪಾ, ಮಂಚಕ್ಕೆ ಗಾಲಿ ಹಾಕ್ಕೊಂಡ್ ಬಂದಿದೀಯ?’ ಎಂದು ಕೇಳುತ್ತಾರೆ. ಪರಿಹಾರ: ಕೇಳಿದವರನ್ನೇ ಹತ್ತಿಸಿ.

ಲಕ್ಷಣ: ಹತ್ತಿದವರು ಬೀಳುತ್ತಾರೆ. ಪರಿಹಾರ: ಸಂತೆಹೊಂಡದ ಹತ್ತಿರ ಕಲಿಸಬೇಡಿ, ಬಯಲಿಗೆ ಕರೆದೊಯ್ಯಿರಿ. ಸೀಟು ಎಷ್ಟು ಎತ್ತರ ಮಾಡಬೇಕು ಎಂಬುದು ಬಿದ್ದವರನ್ನು ಕೇಳಿದರೆ ಗೊತ್ತಾಗುತ್ತದೆ.

ಲಕ್ಷಣ: ಎಲ್ಲರೂ ಹೊಗಳುತ್ತಾರೆ, ಯಾರೂ ಕೊಳ್ಳುವುದಿಲ್ಲ. ಪರಿಹಾರ: ಬೆಲೆ ಇಳಿಸಬೇಡಿ, ಭಾವಮೈದನಿಗೆ ಪುಕ್ಕಟೆಯಾಗಿಯೂ ಕೊಡಬೇಡಿ. ಪುಕ್ಕಟೆ ಪಡೆದವನು ದೂರು ಹೇಳುವುದಿಲ್ಲ, ದೂರು ಬರದೆ ಮೂರನೇ ಸೈಕಲ್ಲು ಸುಧಾರಿಸುವುದಿಲ್ಲ. ದಿನಾ ಕಾಯಿ ಸಾಗಿಸುವ ಒಬ್ಬನನ್ನು ಹುಡುಕಿ, ಹದಿನೈದು ದಿನ ಬಾಡಿಗೆಗೆ ಕೊಡಿ. ವಾಪಸ್ ಕೊಡಲು ಅವನು ಸತಾಯಿಸಿದರೆ ಮುಂಗಡ ಕೇಳಿ, ಚೀಟಿ ಬರೆದುಕೊಡಿ, ಆಮೇಲಷ್ಟೇ ಮುಂದಿನದಕ್ಕೆ ಕಬ್ಬಿಣ ಕತ್ತರಿಸಿ.