ಚೀಲ ಕಟ್ಟುವ ಸಭೆ

ಡೊಂಬಿವಲಿ ಕನ್ನಡಿಗರಿಗೆ ಚೀಲ ಹೊರುವ ತರಬೇತಿ ಬೇಕಿಲ್ಲ. ಬೆಳಗಿನ ಲೋಕಲ್‌ನಲ್ಲಿ ಅದನ್ನೇ ಎದೆಗಪ್ಪಿಕೊಂಡು ಒಂಟಿಕಾಲಲ್ಲಿ ನಿಲ್ಲುವವರು. ಚೀಲ ಹೊತ್ತು ತಿರುಗಾಟಕ್ಕೆ ಹೊರಡುವ ಹೊಸಬರ ಶನಿವಾರ-ಭಾನುವಾರಕ್ಕೆ ಭಂಡಾರದರಾ ಸಾಕು. ಕಲ್ಯಾಣದಿಂದ ಕಸಾರಾ ಲೋಕಲ್, ಅಲ್ಲಿಂದ ಜೀಪು. ಪ್ರವರಾ ನದಿಗೆ 1926ರಲ್ಲಿ ಕಟ್ಟಿ ಮುಗಿಸಿದ ವಿಲ್ಸನ್ ಅಣೆಕಟ್ಟು, ಅದರ ಹಿಂದೆ ಆರ್ಥರ್ ಸರೋವರ, ದಡದಲ್ಲಿ ಬಾಡಿಗೆ ಟೆಂಟು. 1,646 ಮೀಟರಿನ ಕಳಸೂಬಾಯಿ ಶಿಖರವೂ ಹತ್ತಿರ. ಮೊದಲ ಸಲ ಅದನ್ನು ಕೆಳಗಿಂದಲೇ ನೋಡಿ ಕೈಮುಗಿಯುವುದು ಮೊಣಕಾಲಿಗೆ ಕ್ಷೇಮ.

ಕಷ್ಟವೆಲ್ಲ ಚೀಲ ಕಟ್ಟುವ ಸಭೆಯಲ್ಲಿ.

“ಇಡ್ಲಿ ಪಾತ್ರೆ ಇರಲಿ ಅಲ್ವಾ?”

“ಅತ್ತಿಗೆ, ಒಂದೇ ರಾತ್ರಿ!”

“ಬೆಳಿಗ್ಗೆ ತಿಂಡಿ ಬೇಡ್ವೇನ್ರೀ?”

ಬೇಕು; ಅವಲಕ್ಕಿ ಹಗುರ. ನೀರು, ಟಾರ್ಚು, ಒಂದು ಜೊತೆ ಒಣಬಟ್ಟೆ ಮುಖ್ಯ; ಚಕ್ಕುಲಿ ಅದಕ್ಕಿಂತ ಮುಖ್ಯ. ಮೇ ಕೊನೆ, ಜೂನ್ ಮೊದಲಿಗೆ ಹೋದರೆ ಮರಗಳ ತುಂಬ ಮಿಂಚುಹುಳ. ದಯವಿಟ್ಟು ಅಲ್ಲಿ ಟಾರ್ಚು ಆರಿಸಿ.